ಮಸ್ಕಿ ರಸ್ತೆಯ ಜಪಾನ್ ಶಾವಿಗೆ

ಬೆಳಗಿನ ಐದೂವರೆ. ಸಿಂಧನೂರಿನ ಮಸ್ಕಿ ರಸ್ತೆಯಲ್ಲಿ ಚಹಾದಂಗಡಿಗಳ ಬಾಗಿಲು ಅರ್ಧ ಮಾತ್ರ ತೆರೆದಿವೆ. ರೈಸ್ ಮಿಲ್ಲುಗಳ ಕಡೆಯಿಂದ ತೌಡಿನ ವಾಸನೆ ಬರುತ್ತಿದೆ. ಭತ್ತ ಹೇರಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ನಿಂತಿವೆ, ಚಾಲಕರು ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಾರೆ. ಈ ಸಾಲಿನ ನಡುವೆ ದೊಡ್ಡ ಗಾಜಿನ ಕಿಟಕಿಯ ಒಂದು ಸಣ್ಣ ಅಂಗಡಿ. ಗಾಜಿನ ಆಚೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಒಬ್ಬ ಹೆಂಗಸು ಉದ್ದನೆಯ ಮರದ ಮಣೆಯ ಮೇಲೆ ಎರಡೂ ಕಡೆ ಕಾಲು ಇಳಿಬಿಟ್ಟು ಕುಳಿತಿದ್ದಾರೆ. ಹಿಟ್ಟಿನ ಉಂಡೆಯನ್ನು ಅಂಗೈಯಿಂದ ಒತ್ತಿ ಒತ್ತಿ ಮುಂದಕ್ಕೆ ಜಾರಿಸುತ್ತಿದ್ದಾರೆ.

ಶಾವಿಗೆ ಮಣೆ! ಕೊನೆಯ ಸಲ ಇದನ್ನು ನಾನು ಕಂಡದ್ದು ನಮ್ಮ ಮನೆಯ ಅಟ್ಟದ ಮೇಲೆ, ಹರಿದ ಗೋಣಿಚೀಲಗಳ ಕೆಳಗೆ. ಇಲ್ಲಿ ಅದು ಎಣ್ಣೆ ಕುಡಿದು ಮಿರಿಮಿರಿ ಮಿಂಚುತ್ತಿದೆ. ಮಣೆಗೆ ಕೊರೆದ ಗೆರೆಗಳು ಮಾತ್ರ ನಮ್ಮ ಅಟ್ಟದ ಮಣೆಗಿಂತ ತುಸು ಅಗಲ. ಆ ಗೆರೆಗಳಿಂದ ಕೆಳಗೆ ಹಾಸಿದ ಬಿಳಿ ಬಟ್ಟೆಗೆ ಇಳಿಯುತ್ತಿರುವುದು ಪಾಯಸದ ಶಾವಿಗೆಯಲ್ಲ. ರಾಮೆನ್ ಎಂಬ ಜಪಾನಿ ಊಟದ ಎಳೆ.

ನಾನು ಒಳಗೆ ಹೋಗಿ ನಮಸ್ಕಾರ ಹೇಳಿ, ಪೆನ್ನು ತೆಗೆದು, ಮೊದಲ ಪ್ರಶ್ನೆ ಕೇಳುವಷ್ಟರಲ್ಲಿ ಅವರೇ ತಡೆಯುತ್ತಾರೆ.

"ಮಾತಾಡ್ಕೋತ ಒತ್ತಿದ್ರ ಎಳಿ ಹರಿತಾವ್ರಿ. ಬಾಜೂಕ ಚಹಾ ಚಲೋ ಮಾಡ್ತಾರ, ಕುಡದು ಬರ್ರಿ. ಅಷ್ಟರಾಗ ಈ ಉಂಡಿ ಮುಗೀತದ."

ಹೀಗೆ ಸಂದರ್ಶನದ ಆರಂಭದಲ್ಲೇ ನನ್ನನ್ನು ಹೊರಗೆ ಕಳಿಸಿದವರು ಯಂಕಮ್ಮ. ವಯಸ್ಸು ಐವತ್ತರ ಹತ್ತಿರ. ಈ ಅಂಗಡಿಯಲ್ಲಿ ದಿನಾ ಖರ್ಚಾಗುವ ನಲವತ್ತು ಐವತ್ತು ಬಟ್ಟಲು ರಾಮೆನ್‌ನ ಪ್ರತಿ ಎಳೆಯೂ ಇವರ ಅಂಗೈ ಕೆಳಗಿನಿಂದಲೇ ಹೋಗಬೇಕು. ಬಟ್ಟಲಿನ ಫೋಟೊ ತೆಗೆದು ಮೊಬೈಲಿನಲ್ಲಿ ಹಂಚುವವರು ಬೇಕಾದಷ್ಟು ಜನ ಇದ್ದಾರೆ. ಮಣೆಯ ಮೇಲೆ ಕುಳಿತವರ ಹೆಸರು ಕೇಳಿದವರು ಕಡಿಮೆ.

ಅಂಗಡಿ ನಿಯಾಜ್ ಅವರದು. ದುಬೈನ ಒಂದು ಜಪಾನಿ ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲು ಸೇರಿ, ಸಾರು ಕಾಯಿಸುವವರೆಗೆ ಏರಿ, ಸಾಕೆನಿಸಿದಾಗ ಊರಿಗೆ ಬಂದವರು. ರಾಮೆನ್ ಅಂದರೆ ಏನು ಎಂದು ಗೊತ್ತಿಲ್ಲದವರಿಗೆ ಅವರು ಹೇಳುವುದು ಇಷ್ಟೇ: "ಕೋಳಿ ಎಲುಬಿನ ಸಾರು, ಅದರಾಗ ದಪ್ಪ ಶಾವಿಗಿ, ಮ್ಯಾಲ ಅರ್ಧ ಬೆಂದ ತತ್ತಿ, ಉಳ್ಳಾಗಡ್ಡಿ ತಪ್ಪಲ. ಬಿಸಿ ಇದ್ದಾಗ ಉಣ್ಣದು. ಬಸ್." ಮಾಂಸ ಒಲ್ಲದವರಿಗೆ ಕಾಳಿನ ಸಾರಿನ ಬಟ್ಟಲೂ ಉಂಟು. ಹೊರಗೆ ಬೋರ್ಡಿನ ಮೇಲೆ ಏನೋ ಚಂದದ ಹೆಸರಿದೆ, ಊರಿನವರು ಅದನ್ನು ಓದುವ ತೊಂದರೆ ತೆಗೆದುಕೊಂಡಿಲ್ಲ. ಎಲ್ಲರ ಬಾಯಲ್ಲೂ ಅದು ಜಪಾನ್ ಶಾವಿಗಿ ಅಂಗಡಿ.

ಜಪಾನಿನವರು ಇಲ್ಲಿಗೆ ಬಂದರೆ ಸ್ವಲ್ಪ ಗಾಬರಿಯಾಗಬಹುದು. ಉದ್ದನೆಯ ಒಂದೇ ಮೇಜು, ಅದಕ್ಕೆ ತಕ್ಕ ಒಂದೇ ಉದ್ದನೆಯ ಬೆಂಚು. ಮೇಜಿನ ಮೇಲೆ ಗುರೆಳ್ಳು ಚಟ್ನಿಪುಡಿಯ ಡಬ್ಬಿ. ಜಪಾನಿನವರು ಉಣ್ಣುವ ಕಡ್ಡಿಗಳು ಒಂದು ಲೋಟದಲ್ಲಿ ಇವೆ, ಹೆಚ್ಚಾಗಿ ಅಲ್ಲೇ ಇರುತ್ತವೆ. ಲಿಂಗಸುಗೂರಿನಿಂದ ಬರುವ ಡ್ರೈವರುಗಳು ಮನೆಯ ಖಡಕ್ ರೊಟ್ಟಿ ಕಟ್ಟಿಕೊಂಡು ಬಂದು ಸಾರಿಗೆ ಮುರಿದು ಹಾಕುತ್ತಾರೆ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಸಾರಿನದು. ದುಬೈನಲ್ಲಿ ಒಂದು ಬಟ್ಟಲಿಗೆ ಒಂದೇ ಸಲ ಸಾರು. ನಮ್ಮ ಖಾನಾವಳಿಗಳಲ್ಲಿ ಬೆಳೆದವರಿಗೆ ಅದು ಊಟವೇ ಅಲ್ಲ. ಅಂಗಡಿ ತೆರೆದ ದಿನ ಬಂದ ಗಿರಾಕಿಗಳೆಲ್ಲ ಮೊದಲು ಸಾರು ಕುಡಿದು ಮುಗಿಸಿ, ಬಟ್ಟಲು ಎತ್ತಿ ಹಿಡಿದು, "ಇನ್ನಟು ಸಾರು ಹಾಕ್ರಿ" ಅಂದರಂತೆ. ನಿಯಾಜ್ ಮಧ್ಯಾಹ್ನದೊಳಗೆ ಅಂಗಡಿ ಮುಚ್ಚಬೇಕಾಯಿತು. ಮಾರನೆಯ ದಿನ ದೊಡ್ಡ ಹಂಡೆ ತಂದರು. ಈಗ ಎರಡನೆಯ ಸಲದ ಸಾರು ಪುಕ್ಕಟೆ, ಕೇಳಿದರೆ ಸಾಕು.

ಉಂಡೆ ಮುಗಿದಿದೆ. ಯಂಕಮ್ಮ ಮಣೆಯಿಂದ ಇಳಿದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ. ಬಟ್ಟೆಯ ಮೇಲಿನ ಎಳೆಗಳಿಗೆ ಅಕ್ಕಿಹಿಟ್ಟು ಉದುರಿಸಿ, ಒಂದೊಂದು ಬಟ್ಟಲಿಗೆ ಆಗುವಷ್ಟು ಸಿಂಬೆ ಸುತ್ತಿ, ಒದ್ದೆ ಬಟ್ಟೆ ಮುಚ್ಚುತ್ತಾರೆ. ಈಗ ಮಾತಿಗೆ ಪುರ್ಸತ್ತು.

"ನಮ್ಮ ಯವ್ವ ಮುದುಕಮ್ಮ ಅಂತ. ಮುಕ್ಕುಂದದಾಗ ಇರ್ತಾಳ. ಮೊದಲ ಸಲ ಮಣಿ ಮ್ಯಾಲ ನನ್ನ ಕುಂದರಿಸಿದಾಕಿ ಆಕೀನ. ನಮ್ಮ ಕೇರಿಯಾಗ ಯವ್ವನಂಗ ಶಾವಿಗಿ ಒತ್ತೋರು ಯಾರೂ ಇದ್ದಿಲ್ರಿ. ಕೂದಲೆಳಿಯಂಗ ಇಳೀತಿದ್ವು. ಆದ್ರ ಆ ಶಾವಿಗಿ ಕೇರಿ ದಾಟಿ ಹೊರಗ ಹೋಗ್ತಿದ್ದಿಲ್ಲ. ಯಾರು ಒಯ್ತಾರ?"

ಯಾಕೆ ಎಂದು ನಾನು ಕೇಳಲಿಲ್ಲ. ಈ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಕೇಳುವ ಅಗತ್ಯ ಬೀಳುವುದಿಲ್ಲ. ಊರ ಹೊರಗಿನ ಕೇರಿಯ ಕೈ ಭತ್ತ ನಾಟಿ ಮಾಡಬಹುದು, ಕಳೆ ಕೀಳಬಹುದು, ರಾಶಿ ಮಾಡಬಹುದು. ಅದೇ ಕೈ ನಾದಿದ ಹಿಟ್ಟು ಬೇಡ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಯಂಕಮ್ಮ ಹೇಳುವಾಗ ಮಾತ್ರ ಅವರ ದನಿ ಏರುವುದಿಲ್ಲ.

ಮದುವೆಯಾಗಿ ಅವರು ಸಿಂಧನೂರಿಗೆ ಬಂದರು. ಗಂಡ ಪಂಪಾಪತಿ ಗೊರೇಬಾಳದ ಶಾಲೆಯೊಂದರಲ್ಲಿ ಜವಾನ. ತಿಂಗಳ ಸಂಬಳ, ಎರಡು ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೊ. ತವರಿನಿಂದ ಬಳುವಳಿಯಾಗಿ ಬಂದ ಶಾವಿಗೆ ಮಣೆ ಬೇಸಿಗೆಯಲ್ಲಿ ಮಾತ್ರ ಕೆಳಗಿಳಿಯುತ್ತಿತ್ತು. ಪಕ್ಕದ ಓಣಿಯ ಇಮಾಮ್‌ಬೀ ಒಮ್ಮೆ ಅವರ ಶಾವಿಗೆ ನೋಡಿ, ರಂಜಾನಿನ ಸುರಕುಂಬಾ ಪಾಯಸಕ್ಕೆ ತಮಗೂ ಮಾಡಿಕೊಡಲು ಹೇಳಿದರು. ಯಂಕಮ್ಮನ ಶಾವಿಗೆ ಹೊರಗಿನವರ ಒಲೆ ಏರಿದ್ದು ಅದೇ ಮೊದಲು. ಆ ಇಮಾಮ್‌ಬೀಯ ಮಗನೇ ನಿಯಾಜ್.

ನಿಯಾಜ್ ಹೈದರಾಬಾದಿನಿಂದ ತರಿಸಿದ ಎಳೆ ಒತ್ತುವ ಯಂತ್ರ ವಾರದೊಳಗೆ ಕೆಟ್ಟು ಕುಳಿತಾಗ, ಇಮಾಮ್‌ಬೀ ಮಗನಿಗೆ ಹೇಳಿದ್ದು ಒಂದೇ ಮಾತು: "ಯಂಕಮ್ಮನ್ನ ಕರಿ." ಮಸ್ಕಿಯ ಬಡಿಗೇರರೊಬ್ಬರು ಅಗಲ ಗೆರೆಯ ಹೊಸ ಮಣೆ ಮಾಡಿಕೊಟ್ಟರು. ಎಳೆ ಸಾರಿನಲ್ಲಿ ಕರಗದೆ ಬಿಗಿಯಾಗಿ ನಿಲ್ಲಲು ಹಿಟ್ಟಿಗೆ ಸೋಡಾದಂಥ ಒಂದು ಕ್ಷಾರ ಹಾಕಬೇಕು ಎಂದು ನಿಯಾಜ್ ಹೇಳಿದರೆ, ಯಂಕಮ್ಮ ಮನೆಯಿಂದ ಹಪ್ಪಳಕ್ಕೆ ಹಾಕುವ ಪಾಪಡಖಾರದ ಪೊಟ್ಟಣ ತಂದರು. ಕೆಲಸ ಸುರುವಾಯಿತು.

ಮೊದಲ ದಿನವೇ ಎಡವಟ್ಟಾಯಿತು. ಎಳೆ ಒತ್ತಿಡಲು ಹೇಳಿ ನಿಯಾಜ್ ಕೋಳಿ ತರಲು ಹೋಗಿದ್ದರು. ಉಳಿದದ್ದನ್ನು ಅವರ ಬಾಯಿಂದಲೇ ಕೇಳಬೇಕು.

"ಬಂದು ನೋಡ್ತೀನಿ, ಅಡಗಿಮನ್ಯಾಗ ಒಂದ ಎಳಿ ಇಲ್ಲ. ಅಕ್ಕಾ ಎಲ್ಲಿವ ಅಂದ್ರ ಮ್ಯಾಲ ಕೈ ತೋರ್ಸಿದ್ಳು. ಮ್ಯಾಳಿಗಿ ಮ್ಯಾಲ ಹೋದ್ರ ಯಾ ಅಲ್ಲಾ! ಒಂದು ಮಂಚ ನಿಲ್ಲಿಸಿ, ಅಡ್ಡ ಕೋಲು ಕಟ್ಟಿ, ನನ್ನ ರಾಮೆನ್ ಎಲ್ಲಾ ಬಿಸಲಿಗೆ ಒಣಗಾಕ ಹಾಕ್ಯಾಳ. ಕಟಂ ಕಟಂ ಮುರೀತಿದ್ವು."

"ಶಾವಿಗಿ ಒತ್ತಿದ ಮ್ಯಾಲ ಒಣಗಸದ ಬಿಡ್ತಾರೇನ್ರಿ ಯಾರಾರ?" ಎಂದು ಯಂಕಮ್ಮ ಈಗಲೂ ವಾದ ಮಾಡುತ್ತಾರೆ. "ಹಸೀದು ಕುದಿಸಿ ಉಣ್ಣದು ಅಂತ ಇಂವ ನನಗ ಹೇಳಿದ್ದಿಲ್ಲ. ಮ್ಯಾಲ ಕೂತು ಕಾಗಿ ಬ್ಯಾರೆ ಹೊಡದೀನಿ."

ಒಣಗಿದ ಆ ಎಳೆಗಳನ್ನು ಇಮಾಮ್‌ಬೀ ಹಾಲು ಬೆಲ್ಲ ಹಾಕಿ ಓಣಿಗೆಲ್ಲ ಹಂಚಿದರು. ಅಂಗಡಿಯ ಗೋಡೆಯ ಮೇಲೊಂದು ಬುದ್ಧನ ಚಿತ್ರವಿದೆ, ದುಬೈನ ಹೋಟೆಲಿನಲ್ಲಿ ಇತ್ತೆಂದು ನಿಯಾಜ್ ತಂದು ಹಾಕಿದ್ದು. ಅದನ್ನು ನೋಡಿ ಯಂಕಮ್ಮ, "ಈ ಜಪಾನಿನವ್ರೂ ನಮ್ಮ ಮಂದೀನ ಏನು?" ಎಂದು ಇಮಾಮ್‌ಬೀಯನ್ನು ಮೆಲ್ಲಗೆ ಕೇಳಿದ್ದರಂತೆ. ಇದನ್ನು ಹೇಳಿ ಯಂಕಮ್ಮ, ನಿಯಾಜ್ ಇಬ್ಬರೂ ನಗುತ್ತಾರೆ.

ಮೊದಮೊದಲು ಮಣೆ ಹಿಂದಿನ ಕೋಣೆಯಲ್ಲಿತ್ತು. ದುಬೈನ ಅಂಗಡಿಯಲ್ಲಿ ಎಳೆ ಮಾಡುವವರು ಬೀದಿಗೆ ಕಾಣುವ ಹಾಗೆ ಗಾಜಿನ ಹಿಂದೆ ಕುಳಿತಿರುತ್ತಿದ್ದರು. ಇಲ್ಲೂ ಹಾಗೇ ಮಾಡೋಣ ಎಂದು ನಿಯಾಜ್ ಹೇಳಿದಾಗ ಯಂಕಮ್ಮ ಬೇಡವೆಂದರು. ಅವರ ಅಂಜಿಕೆ ಏನೆಂದು ನಿಯಾಜ್‌ಗೂ ಗೊತ್ತಿತ್ತು. ಈ ರಸ್ತೆಯಲ್ಲಿ ಮುಕ್ಕುಂದದ ಕಡೆಯವರೂ ಓಡಾಡುತ್ತಾರೆ. ಗುರುತು ಹಿಡಿಯುವವರು ಹಿಡಿಯುತ್ತಾರೆ. ಕೆಲವು ವಾರ ಕಳೆದ ಮೇಲೆ ಒಂದು ಮುಂಜಾನೆ ಯಂಕಮ್ಮ ತಾವೇ ಮಣೆ ಎಳೆದುಕೊಂಡು ಬಂದು ಕಿಟಕಿಯ ಹಿಂದೆ ಇಟ್ಟರು.

"ನಾಕೈದು ಮಂದಿ ಬರೋದು ಬಿಟ್ರು. ಬಾಯಿಬಿಟ್ಟು ಯಾರೂ ಏನೂ ಅನ್ನಲ್ರಿ, ಆದ್ರ ಗೊತ್ತಾಗ್ತದ. ನಿಯಾಜಗ ಅಂದೆ, ನನ್ನಿಂದ ನಿನಗ ಲುಕ್ಸಾನ್ ಆಗಾಕತ್ತೈತಿ, ಹಿಂದ ಹೋಗ್ತೀನಿ. ಅಂವ ಅಂದ, ಅಕ್ಕಾ, ಮಣಿ ಭಾಳ ವಜ್ಜಿ ಅದ, ಮತ್ತ ಎಳಿಯಾಕ ನನಗ ಆಗಂಗಿಲ್ಲ."

ಬಿಟ್ಟುಹೋದವರ ಜಾಗಕ್ಕೆ ಬೇರೆಯವರು ಬಂದರು. ಮಸ್ಕಿಯ ಶಾಸನ ನೋಡಲು ಹೋಗುವ ಕಾಲೇಜು ಹುಡುಗರು ಬಸ್ಸು ನಿಲ್ಲಿಸಿ ಗಾಜಿನ ಮುಂದೆ ನಿಂತು ನೋಡುತ್ತಾರೆ. ಸಂತೆಕಲ್ಲೂರಿನ ಹೆಂಗಸರು ಆಟೊದಿಂದ ಇಳಿದು, "ನಮ್ಮ ಮನ್ಯಾಗೂ ಇಂಥದ ಮಣಿ ಇತ್ತು" ಎಂದು ಮಾತಿಗೆ ಕೂರುತ್ತಾರೆ. ಆಗೆಲ್ಲ ಎಳೆ ಹರಿಯುತ್ತದೆ, ಯಂಕಮ್ಮ ಗೊಣಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅವರ ಅಂಗೈ ಕೆಂಪಾಗಿರುತ್ತದೆ. ಸೊಂಟಕ್ಕೆ ದಿನಾ ರಾತ್ರಿ ಪಂಪಾಪತಿ ಬಿಸಿ ಉಪ್ಪಿನ ಗಂಟು ಇಡುತ್ತಾರೆ. ಅವರು ಸಂಜೆ ಬಂದು ಒಂದು ಬಟ್ಟಲು ಉಂಡು, ಹೇಗಿದೆ ಎಂದರೆ "ಪರವಾಗಿಲ್ಲ" ಎನ್ನುತ್ತಾರಂತೆ. "ಇಪ್ಪತ್ತೈದು ವರ್ಸಾತು, ಈ ಮನಷ್ಯಾನ ಬಾಯಾಗ ಇದಕ್ಕಿಂತ ದೊಡ್ಡ ಮಾತು ಬಂದಿಲ್ಲ" ಎಂದು ಯಂಕಮ್ಮನ ದೂರು.

ಇಷ್ಟೆಲ್ಲ ಆದಮೇಲೆ ನಾನು ಈ ಬಗೆಯ ಬರಹಗಾರರು ಕೇಳುವ ಪ್ರಶ್ನೆ ಕೇಳುತ್ತೇನೆ. ನಿಮ್ಮ ಆಸೆ ಏನು? ಯಂಕಮ್ಮ ಮಣೆಗೆ ಎಣ್ಣೆ ಸವರುತ್ತಾ, ತಾಯಿ ಮೊದಲ ಸಲ ಇಲ್ಲಿಗೆ ಊಟಕ್ಕೆ ಬಂದ ದಿನದ ಕತೆ ಹೇಳುತ್ತಾರೆ.

ಮುದುಕಮ್ಮ ಆವತ್ತು ಇದೇ ಬೆಂಚಿನ ತುದಿಯಲ್ಲಿ ಕುಳಿತಿದ್ದರು. ಮಗಳೇ ಎಳೆ ಬೇಯಿಸಿ ಸಾರು ಹಾಕಿ ಬಟ್ಟಲು ಮುಂದಿಟ್ಟಿದ್ದಳು. ಒಂದು ತುತ್ತು ತೆಗೆದುಕೊಂಡಿದ್ದರು ಅಷ್ಟೆ, ಬಾಗಿಲಲ್ಲಿ ಗಾದಿಲಿಂಗಪ್ಪ ಕಾಣಿಸಿಕೊಂಡರು. ಮುದುಕಮ್ಮ ಪ್ರಾಯದಿಂದಲೂ ನಾಟಿಗೆ, ಕಳೆಗೆ ಹೋಗಿ ದುಡಿದದ್ದು ಈ ಧಣಿಯ ಹೊಲದಲ್ಲಿ. ಹಲ್ಲು ಹೋದಮೇಲೆ ಗಾದಿಲಿಂಗಪ್ಪನವರಿಗೆ ಈ ಮೆತ್ತನೆಯ ಊಟ ಹಿಡಿಸಿ, ಸಿಂಧನೂರಿಗೆ ದವಾಖಾನೆಗೆ ಬಂದಾಗಲೆಲ್ಲ ಇಲ್ಲಿಗೆ ಬರುತ್ತಾರೆ. ಗಾಜಿನ ಹಿಂದೆ ಯಾರು ಕುಳಿತಿದ್ದಾರೆಂದು ಗೊತ್ತಿದ್ದೂ ಬರುವುದನ್ನು ಬಿಟ್ಟಿಲ್ಲ, ಅದನ್ನೂ ಹೇಳಬೇಕು.

"ಧಣೇರ್ನ ನೋಡಿದಾಕೀನ ಯವ್ವ ಬಟ್ಲ ಹಿಡಕೊಂಡು ಎದ್ದು ನಿಂತ್ಳ್ರಿ, ಗ್ವಾಡಿಗೆ ಹತ್ತಿ. ಹೊಲದಾಗ ಹಂಗ ಇತ್ತಲ್ಲ. ಬದುವಿನ ಮ್ಯಾಲ ಉಣ್ಣಾಕತ್ತಾಗ ಧಣೇರು ಬಂದ್ರ ಏಳಬೇಕು. ಇನ್ನಟು ಹಾಕ್ರಿ ಅಂತ ಕೇಳಂಗಿದ್ದಿಲ್ಲ, ಹಾಕಿದಷ್ಟು ಉಣ್ಣದು. ಅದು ಆಕಿ ಮಣಕಾಲಿನಾಗ ಕುಂತುಬಿಟ್ಟೈತಿ. ಧಣೇರು ಏಳು ಅಂತೂ ಅನ್ಲಿಲ್ಲ, ಕುಂದ್ರು ಅಂತೂ ಅನ್ಲಿಲ್ಲ. ತಮ್ಮ ಪಾಡಿಗೆ ಉಂಡ್ರು. ಅವ್ರು ಉಂಡು ಹೋಗೋಮಟ ಯವ್ವ ನಿಂತ ಇದ್ಳು. ಅಷ್ಟರಾಗ ಎಳಿ ಉಬ್ಬಿ ಮುದ್ದಿ ಆಗಿತ್ತು."

ರಾಮೆನ್ ಕಾಯುವ ಊಟವಲ್ಲ. ಬಟ್ಟಲು ಬಂದ ತಕ್ಷಣ ಉಣ್ಣದಿದ್ದರೆ ಎಳೆ ಸಾರು ಕುಡಿದು ಹಿಗ್ಗಿ, ರುಚಿಯೂ ಇಲ್ಲ ಹದವೂ ಇಲ್ಲ. ಆ ಮುದ್ದೆಯನ್ನೇ ಮುದುಕಮ್ಮ ಚೆಲ್ಲಬಾರದೆಂದು ಉಂಡು, ಚಲೋ ಅದ ಎಂದು ಹೇಳಿ ಹೋದರು. ಯಂಕಮ್ಮ ಆವತ್ತು ಮನೆಗೆ ಹೋಗಿ ಅತ್ತರು.

"ಊರಿಗೆಲ್ಲ ನನ್ನ ಎಳಿ ಚಲೋ ಅಂತ ಗೊತ್ತೈತಿ. ನನಗ ಕಲಿಸಿದಾಕಿಗೆ ಗೊತ್ತಿಲ್ಲ. ಯವ್ವ ಒಂದಿನ ಕುಂತು ಉಣ್ಣಬೇಕ್ರಿ, ಯಾರ ಬರಲಿ. ನನ್ನ ಆಸೆ ಅಂದ್ರ ಅಷ್ಟ."

ನೀವೇ ಹೇಳಬಹುದಲ್ಲ, ಏಳಬೇಡ ಅಂತ, ಎಂದೆ.

"ನಾ ಹೇಳಿ ಕುಂದರಿಸಿದ್ರ ಅದೂ ಒಂದು ಅಪ್ಪಣಿ ಆಗ್ತೈತಿ. ಏಳು ಅನ್ನೋರ ಅಪ್ಪಣಿ ಮುಗೀತು, ಕುಂದ್ರು ಅನ್ನೋರದು ಸುರು ಆತು. ಬ್ಯಾಡ. ತಾನಾ ಕುಂದ್ರಬೇಕು."

ಆ ಭಾನುವಾರ ತಾಯಿ ಮತ್ತೆ ಬರುವವರಿದ್ದಾರೆಂದು ತಿಳಿದು, ನಾನು ಊರಿಗೆ ಮರಳುವುದನ್ನು ಮುಂದೂಡಿದೆ. ಕಚೇರಿಯವರು ಬೈದರು, ಬೈಯಲಿ.

ಭಾನುವಾರ ಮಧ್ಯಾಹ್ನ ಪಂಪಾಪತಿಯ ಬೈಕಿನ ಹಿಂದೆ ಮುದುಕಮ್ಮ ಬಂದಿಳಿಯುತ್ತಾರೆ. ಪುಟ್ಟ ಜೀವ, ಬೆಳ್ಳನೆ ಕೂದಲು, ಹಸಿರು ಇಳಕಲ್ಲು ಸೀರೆ. ಬೇಡವೆಂದರೂ ಚಪ್ಪಲಿ ಹೊರಗೇ ಬಿಡುತ್ತಾರೆ. ಒಳಗೆ ಬಂದವರೇ ಮೊದಲು ಮಣೆಯ ಹತ್ತಿರ ಹೋಗಿ ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ. "ದಪ್ಪ ಆತು" ಅನ್ನುತ್ತಾರೆ. "ದಪ್ಪಾನ ಇರಬೇಕಬೇ ಇದು" ಎಂದು ಮಗಳು ರೇಗುತ್ತಾಳೆ. ಬೆಂಚಿನ ಅದೇ ತುದಿಯಲ್ಲಿ ಕುಳಿತ ಅಜ್ಜಿಗೆ ಬಟ್ಟಲು ಬರುತ್ತದೆ. ಕಡ್ಡಿಯನ್ನು ಪಕ್ಕಕ್ಕೆ ಸರಿಸಿ, ಚಮಚ ಮತ್ತು ಬೆರಳಿನಿಂದ ಸುರು ಮಾಡುತ್ತಾರೆ. ಎದುರಿಗೆ ನಿಂತರೆ ತಾಯಿಗೆ ಸಂಕೋಚವೆಂದು ಯಂಕಮ್ಮ ಮಣೆಗೆ ಹೋಗಿ ಕುಳಿತು ಉಂಡೆ ಒತ್ತುತ್ತಾರೆ. ನಾನು ನಡುವೆ ಕುಳಿತು ನನ್ನ ಅಂಗಿಯ ಮೇಲೆ ಸಾರು ಚೆಲ್ಲಿಕೊಳ್ಳುತ್ತಿದ್ದೇನೆ.

ಆಗ ಬಾಗಿಲಲ್ಲಿ ಕೋಲಿನ ಸದ್ದು. ಬಿಳಿ ಧೋತರ, ದಪ್ಪ ಕನ್ನಡಕದ ಎತ್ತರದ ಮುದುಕರು. ಯಾರೂ ಹೇಳಬೇಕಾಗಿಲ್ಲ, ಮುದುಕಮ್ಮನ ಕೈ ಬಾಯಿಯ ಹತ್ತಿರ ನಿಂತದ್ದು ನೋಡಿಯೇ ಗೊತ್ತಾಗುತ್ತದೆ. ಗಾದಿಲಿಂಗಪ್ಪ ನಿಧಾನಕ್ಕೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂರುತ್ತಾರೆ. ಮುದುಕಮ್ಮನ ಎಡಗೈ ಬೆಂಚಿನ ಅಂಚು ಹಿಡಿಯುತ್ತದೆ. ಪಾದಗಳು ನೆಲಕ್ಕೆ ಊರುತ್ತವೆ. ನಾನು ಮಣೆಯ ಕಡೆ ತಿರುಗುತ್ತೇನೆ. ಯಂಕಮ್ಮನ ಅಂಗೈ ಉಂಡೆಯ ಮೇಲೆ ಹಾಗೇ ನಿಂತಿದೆ, ಎಳೆಗಳು ಹರಿದು ಬಟ್ಟೆಯ ಮೇಲೆ ಬಿದ್ದಿವೆ. ಅವರು ತಾಯಿಯ ಕಡೆ ನೋಡುತ್ತಿಲ್ಲ. ಹೇಳಿಬಿಡಿ ಎಂದು ನನಗೆ ಕೂಗಬೇಕೆನ್ನಿಸುತ್ತದೆ.

"ಯಾರದು, ಮುದುಕಮ್ಮ ಏನು?" ಗಾದಿಲಿಂಗಪ್ಪ ಕಣ್ಣು ಕಿರಿದು ಮಾಡಿ ಕೇಳುತ್ತಾರೆ. "ಆರಾಮದಿ?"

ಮುದುಕಮ್ಮ ಅವರನ್ನು ನೋಡುತ್ತಾರೆ. ಆಮೇಲೆ ಹಬೆಯಾಡುವ ಬಟ್ಟಲು ನೋಡುತ್ತಾರೆ. ಆಮೇಲೆ ಮಗಳ ಬಾಗಿದ ಬೆನ್ನು.

"ಆರಾಮ ಅದೀನ್ರಿ ಧಣೇರ. ಎಳಿ ಉಬ್ತಾವ್ರಿ, ಉಂಡು ಮಾತಾಡ್ತೀನಿ."

ಬೆಂಚಿನ ಅಂಚು ಹಿಡಿದ ಕೈ ಸಡಿಲವಾಗಿ ಬಟ್ಟಲಿಗೆ ಬರುತ್ತದೆ. ಮುದುಕಮ್ಮ ಎಳೆಯನ್ನು ಸೊರ್ರನೆ ಹೀರುತ್ತಾರೆ, ಅಂಗಡಿಗೆಲ್ಲ ಕೇಳುವ ಹಾಗೆ. ಗಾದಿಲಿಂಗಪ್ಪ "ಹೂಂ, ಉಣ್ಣು" ಎಂದು ತಮ್ಮ ಬಟ್ಟಲಿಗೆ ಕಾಯುತ್ತಾ ಮೇಜಿನ ಮೇಲೆ ಬೆರಳಾಡಿಸುತ್ತಾರೆ. ನನಗೆ ಎಷ್ಟು ಖುಷಿಯಾಯಿತೆಂದರೆ ಆ ಹೊತ್ತಿನ ಒಂದು ಫೋಟೊ ತೆಗೆಯುವುದೂ ಮರೆತುಹೋಯಿತು. ಈ ಬರಹದ ಜತೆ ಇರುವುದು ಮರುದಿನ ತೆಗೆದದ್ದು.

ಎಳೆ ಮುಗಿಯುತ್ತದೆ. ಮುದುಕಮ್ಮ ಬಟ್ಟಲು ಎತ್ತಿ ಸಾರನ್ನೂ ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾರೆ. ಇನ್ನು ಏಳುತ್ತಾರೆ ಎಂದುಕೊಂಡೆ. ಅವರು ಕುಳಿತಲ್ಲಿಂದಲೇ ಖಾಲಿ ಬಟ್ಟಲನ್ನು ಕಿಟಕಿಯ ಕಡೆಗೆ ಚಾಚುತ್ತಾರೆ.

"ಯಂಕೀ, ಇನ್ನಟು ಸಾರು ಹಾಕಬೇ."

ನಿಯಾಜ್ ಹಂಡೆಯ ಸೌಟಿಗೆ ಕೈ ಹಾಕುತ್ತಾರೆ. ಯಂಕಮ್ಮ ಮಣೆಯಿಂದ ಇಳಿದು, ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ಬರುತ್ತಾರೆ.

"ತಾ ಇಲ್ಲಿ. ನಾ ಹಾಕ್ತೀನಿ."